ಕೊನೆಯ ಕೈಗೆ ಕೊಡುವ ಮುನ್ನ

1902ರ ನವೆಂಬರಿನಲ್ಲಿ ಕಲ್ಕತ್ತೆಯ ಒಂದು ಹೋಟೆಲಿನಲ್ಲಿ ಗೌಹರ್ ಜಾನ್ ಹಾಡಿದರು. ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಹೊತ್ತು ತಂದಿದ್ದ ಯಂತ್ರದ ಕಹಳೆಗೆ ಮುಖ ಕೊಟ್ಟು, ಸುಮಾರು ಮೂರು ನಿಮಿಷದಲ್ಲಿ ಹಾಡು ಮುಗಿಸಿ, ಕೊನೆಗೆ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಸಾರಿ ಹೇಳಿದರು. ಈಗ ಆ ಮುದ್ರಿಕೆ ಕೇಳಿದರೆ ಅದು ಗಾಯಕಿಯ ಗತ್ತು ಅನ್ನಿಸುತ್ತದೆ. ಗತ್ತೂ ಇದ್ದೀತು. ಆದರೆ ಅದರ ಹಿಂದೆ ಒಂದು ವ್ಯವಹಾರದ ಕಾರಣವಿತ್ತು. ಆ ತಟ್ಟೆಗಳು ಹಡಗು ಹತ್ತಿ ಜರ್ಮನಿಯ ಹ್ಯಾನೋವರ್‌ಗೆ ಹೋಗಬೇಕಿತ್ತು. ಅಲ್ಲಿ ಪ್ರತಿಗಳನ್ನು ಒತ್ತಿ ಚೀಟಿ ಅಂಟಿಸುವವರಿಗೆ ಹಾಡಿನ ಭಾಷೆ ಗೊತ್ತಿರಲಿಲ್ಲ, ಹಾಡಿದವರು ಯಾರೆಂಬುದೂ ಗೊತ್ತಿರಲಿಲ್ಲ. ತಟ್ಟೆಯೊಳಗೇ ಹೆಸರಿದ್ದರೆ ಚೀಟಿ ಅದಲುಬದಲಾಗುವುದಿಲ್ಲ. ಇದೇ ಗೌಹರ್ ಜಾನ್ 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದರು, 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಇಂದಿನ ಮಾತಿಗೆ ನನಗೆ ಬೇಕಾದದ್ದು ಆ ಒಂದು ಹೆಸರು ಹೇಳಿದ ಕ್ರಮ. ಹಾಡುವಾಗ ಕೋಣೆಯಲ್ಲಿ ಇಲ್ಲದಿದ್ದ ಯಾರೋ ಒಬ್ಬರ ಕೈಗೆ ಹಾಡು ಹೋಗುತ್ತದೆ, ಅವರಿಗೆ ಬೇಕಾದದ್ದನ್ನು ನಾವೇ ಸಿದ್ಧಮಾಡಿ ಕಳಿಸಬೇಕು ಎಂಬ ಎಚ್ಚರ ಅದರಲ್ಲಿದೆ.

ಇವತ್ತು ಬೆಂಗಳೂರು, ಮೈಸೂರು, ಧಾರವಾಡಗಳಲ್ಲಿ ಮನೆಯ ಒಂದು ಕೋಣೆಯನ್ನೇ ಸ್ಟುಡಿಯೋ ಮಾಡಿಕೊಂಡು ಭಾವಗೀತೆ, ವಚನ, ದೇವರನಾಮಗಳನ್ನು ಮುದ್ರಿಸುವವರು ಅನೇಕರು. ಹಾಡುಗಾರಿಕೆ, ತಬಲಾ, ಕೊಳಲು, ತಂಬೂರಿ ಎಲ್ಲವೂ ಬೇರೆ ಬೇರೆ ಟ್ರ್ಯಾಕುಗಳಲ್ಲಿ ಮುದ್ರಣವಾಗುತ್ತವೆ. ಅವನ್ನು ಹದವಾಗಿ ಬೆರೆಸಿ ಎಡ ಬಲ ಎಂಬ ಎರಡು ದಾರಿಗೆ ಇಳಿಸುವುದು ಮಿಕ್ಸಿಂಗ್. ಹಾಗೆ ಇಳಿಸಿದ್ದನ್ನು ಮತ್ತೊಬ್ಬರು ಮತ್ತೊಂದು ಕೋಣೆಯಲ್ಲಿ ಹೊಸ ಕಿವಿಯಿಂದ ಕೇಳಿ, ಒಟ್ಟು ನಾದದ ಬಣ್ಣ, ಸದ್ದಿನ ಮಟ್ಟ, ಒಂದು ಹಾಡಿಗೂ ಇನ್ನೊಂದಕ್ಕೂ ನಡುವಿನ ಅಂತರ ಇವನ್ನೆಲ್ಲ ಗೊತ್ತುಮಾಡಿ, ಹೊರಗೆ ಹೋಗುವ ಅಂತಿಮ ಪ್ರತಿ ಮಾಡುವುದು ಮಾಸ್ಟರಿಂಗ್. ಈ ಎರಡನೆಯವರ ಕೈಗೆ ಹಾಡು ಯಾವ ಸ್ಥಿತಿಯಲ್ಲಿ ಹೋಗಬೇಕು? ನನ್ನ ಉತ್ತರ ಹೀಗಿದೆ: ಹಾಡಿನ ಬಗೆಗಿನ ತೀರ್ಮಾನ ಒಂದೂ ಬಾಕಿ ಇರಬಾರದು, ಸದ್ದಿನ ಏರು ಮಾತ್ರ ಬಾಕಿ ಇರಬೇಕು. ನಮ್ಮಲ್ಲಿ ನಡೆಯುತ್ತಿರುವುದು ಬಹುಮಟ್ಟಿಗೆ ಇದರ ತಿರುಗುಮುರುಗು. ಸದ್ದನ್ನು ತುದಿಮುಟ್ಟ ಏರಿಸಿ, ಉಳಿದದ್ದನ್ನು ‘ಮಾಸ್ಟರಿಂಗಿನಲ್ಲಿ ನೋಡಿಕೊಳ್ಳುತ್ತಾರೆ ಬಿಡಿ’ ಎಂದು ಕಳಿಸುತ್ತೇವೆ.

ಈ ಅಭ್ಯಾಸ ಎಲ್ಲಿಂದ ಬಂತು ಎಂದು ನೋಡಬೇಕಾದರೆ ತಟ್ಟೆಯ ಕಾಲಕ್ಕೆ ಹೋಗಬೇಕು. ಮಾಸ್ಟರಿಂಗ್ ಎಂಬುದು ಮೊದಲಿಗೆ ಅಪ್ಪಟ ಯಂತ್ರಶಾಲೆಯ ಕೆಲಸ. ಟೇಪಿನಲ್ಲಿದ್ದ ಸಂಗೀತವನ್ನು ಮೆರುಗೆಣ್ಣೆ ಬಳಿದ ತಟ್ಟೆಯ ಮೇಲೆ ಗೀರಿ ಕೊರೆಯುವವನೊಬ್ಬ ಬೇಕಿತ್ತು. 1948ರಲ್ಲಿ ಕೊಲಂಬಿಯಾ ಕಂಪನಿ ಎಲ್‌ಪಿ ತಟ್ಟೆ ತಂದಮೇಲೆ ಆ ಕೆಲಸ ಇನ್ನಷ್ಟು ನಾಜೂಕಾಯಿತು. ತಗ್ಗಿನ ನಾದಕ್ಕೆ ಗೀರು ಅಗಲವಾಗಬೇಕು. ಅಗಲವಾದಷ್ಟೂ ಒಂದು ಮಗ್ಗುಲಿನಲ್ಲಿ ಹಿಡಿಸುವ ನಿಮಿಷಗಳು ಕಡಿಮೆ. ಸದ್ದು ಮಿತಿಮೀರಿದರೆ ಮುಳ್ಳು ಗೀರಿನಿಂದ ಹಾರುತ್ತದೆ, ಸಕಾರ ಚೂಪಾಗಿದ್ದರೆ ತಟ್ಟೆಯ ಒಳಸುತ್ತುಗಳಲ್ಲಿ ಕರಕರ ಎನ್ನುತ್ತದೆ. 1954ರಲ್ಲಿ ಅಮೆರಿಕದ ಧ್ವನಿಮುದ್ರಣ ಉದ್ಯಮದ ಸಂಘ ಎಲ್ಲರಿಗೂ ಒಂದೇ ಅಳತೆ ಗೊತ್ತುಮಾಡಿತು: ಕೊರೆಯುವಾಗ ತಗ್ಗಿನ ನಾದ ಇಳಿಸಿ ಮೇಲಿನದನ್ನು ಏರಿಸುವುದು, ನುಡಿಸುವ ಯಂತ್ರ ಅದನ್ನು ತಿರುಗಿಸಿ ಸಮಮಾಡಿಕೊಳ್ಳುವುದು. 1969ರಲ್ಲಿ ಮಾಸ್ಟರಿಂಗ್ ತಜ್ಞ ಬಾಬ್ ಲಡ್‌ವಿಗ್ ಅವರು ಲೆಡ್ ಜೆಪ್ಪೆಲಿನ್ ಎಂಬ ರಾಕ್ ತಂಡದ ಎರಡನೆಯ ಆಲ್ಬಮ್ಮನ್ನು ಏರುಸದ್ದಿನಲ್ಲಿ ಕೊರೆದಿದ್ದರು. ಅಗ್ಗದ ಪ್ಲೇಯರಿನಲ್ಲಿ ಮುಳ್ಳು ಹಾರುತ್ತದೆ ಎಂದು ಕಂಪನಿ ಅದನ್ನು ಬಿಟ್ಟು ಮೆತ್ತಗೆ ಕೊರೆಸಿತು. ಆ ಮೊದಲ ತಟ್ಟೆಗಳನ್ನು ಸಂಗ್ರಹಕಾರರು ಇಂದಿಗೂ ಹುಡುಕಿ ಕೊಳ್ಳುತ್ತಾರೆ, ಅದು ಬೇರೆ ಮಾತು. ಅಂತೂ ಅಂದು ಸದ್ದಿಗೆ ಲಗಾಮು ಹಾಕುತ್ತಿದ್ದದ್ದು ಒಂದು ಮುಳ್ಳು. 1982ರಲ್ಲಿ ಸಿಡಿ ಬಂದಾಗ ಆ ಮುಳ್ಳು ಹೋಯಿತು. ಉಳಿದ ಮಿತಿ ಒಂದೇ, ಅಂಕಿಗಳ ಸೊನ್ನೆಯ ಗೆರೆ. ಅದನ್ನು ದಾಟುವಂತಿಲ್ಲ, ಆದರೆ ಅದಕ್ಕೆ ತಲೆ ತಾಗಿಸಿ ಇಡೀ ಹಾಡನ್ನು ನಿಲ್ಲಿಸಲು ಅಡ್ಡಿಯಿಲ್ಲ. ಎಲ್ಲರೂ ಹಾಗೇ ನಿಲ್ಲಿಸತೊಡಗಿದರು.

ಟೇಪಿನ ಕಾಲದಲ್ಲಿ ಗಟ್ಟಿಯಾಗಿ ಮುದ್ರಿಸುವುದಕ್ಕೆ ನ್ಯಾಯವಿತ್ತು ಎಂಬುದನ್ನೂ ಒಪ್ಪಬೇಕು. ಟೇಪಿಗೆ ತನ್ನದೇ ಒಂದು ‘ಹುಸ್’ ಎಂಬ ಸದ್ದು. ಹಾಡು ಮೆತ್ತಗಿದ್ದರೆ ಅದು ಮೇಲೇಳುತ್ತಿತ್ತು. ಸೆಕೆಂಡಿಗೆ 5 ಸೆಂಟಿಮೀಟರಿಗಿಂತಲೂ ಕಡಿಮೆ ವೇಗದಲ್ಲಿ ಓಡುವ ಕ್ಯಾಸೆಟ್ಟಿನ ಕಿರಿದಾದ ಪಟ್ಟಿಯಲ್ಲಂತೂ ಅದು ಹಾಡಿನ ಜೊತೆಗೇ ಬರುವ ನೆಂಟ. ಹಾಗಾಗಿ ಮೀಟರಿನ ಸೂಜಿಯನ್ನು ಕೆಂಪು ಗೆರೆಯ ಹತ್ತಿರ ಇಡು ಎಂಬುದು ಅನುಭವಿಗಳ ಮಾತಾಗಿತ್ತು. ಆ ಮಾತು ಉಳಿಯಿತು, ಅದರ ಕಾರಣ ಹೋಯಿತು. ಕಂಪ್ಯೂಟರಿನಲ್ಲಿ ಒಂದೊಂದು ಬಿಟ್ಟಿಗೂ ಸುಮಾರು 6 ಡೆಸಿಬಲ್ ಲೆಕ್ಕ. ಸಿಡಿಯ 16 ಬಿಟ್ಟಿಗೆ 96 ಡೆಸಿಬಲ್, ಇಂದಿನ 24 ಬಿಟ್ ಮುದ್ರಣಕ್ಕೆ 144. ಹಾಡಿನ ಅತಿ ದೊಡ್ಡ ಪೆಟ್ಟು ಸೊನ್ನೆಯಿಂದ 6 ಡೆಸಿಬಲ್ ಕೆಳಗೆ ನಿಂತರೆ ನಮಗೆ ಆಗುವ ನಷ್ಟ ಒಂದು ಬಿಟ್. ಉಳಿದ 23 ಬಿಟ್ ಅಂದರೂ 138 ಡೆಸಿಬಲ್. ಅಷ್ಟು ನಿಶ್ಶಬ್ದವಾದ ಕೋಣೆ, ಅಷ್ಟು ನಿಶ್ಶಬ್ದವಾದ ಮೈಕು ಯಾರ ಹತ್ತಿರವೂ ಇಲ್ಲ. ‘ಕಡಿಮೆ ಮಟ್ಟದಲ್ಲಿ ಕಳಿಸಿದರೆ ಗುಣಮಟ್ಟ ಹಾಳು’ ಎಂಬ ಆಕ್ಷೇಪ ಇಲ್ಲಿಗೆ ಮುಗಿಯಿತು. ಆ 6 ಎಂಬ ಅಂಕಿಯಲ್ಲೂ ಮಂತ್ರವೇನಿಲ್ಲ. 3 ಆದರೂ ಆದೀತು, 8 ಆದರೂ ಆದೀತು. ತಲೆ ಸೊನ್ನೆಗೆ ತಾಗದಿದ್ದರೆ ಸರಿ.

ತಾಗಿದರೆ ಆಗುವುದೇನು ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಒಂದು ಭಾವಗೀತೆ ಇದೆ ಎನ್ನಿ: ತಂಬೂರಿ, ಗಾಯಕಿಯ ದನಿ, ಕೊಳಲು, ತಬಲಾ. ತಬಲದ ಪೆಟ್ಟಿಗೆ ಎರಡು ಭಾಗ. ಬೆರಳು ಚರ್ಮಕ್ಕೆ ತಾಗಿದ ಕ್ಷಣದ ‘ಟಣ್’ ಕೆಲವೇ ಮಿಲಿಸೆಕೆಂಡುಗಳದ್ದು. ಅದು ಮೀಟರಿನಲ್ಲಿ ಮುಳ್ಳಿನ ಹಾಗೆ ಮೇಲೇಳುತ್ತದೆ. ಅದರ ಹಿಂದೆ ಉಳಿಯುವ ನಾದ ಬಹಳ ಕೆಳಗಿರುತ್ತದೆ. ಮಿಕ್ಸ್ ಮಾಡುವವರು ಕೊನೆಯಲ್ಲಿ, ಸದ್ದು ಒಂದು ಗೆರೆ ದಾಟದಂತೆ ತಡೆಯುವ ಲಿಮಿಟರ್ ಹಾಕಿ 7–8 ಡೆಸಿಬಲ್ ಒತ್ತಿದರೆ ಮೊದಲು ಸಾಯುವುದು ಆ ಮುಳ್ಳು. ಪೆಟ್ಟು ಹಲಗೆಗೆ ಬಡಿದಂತೆ ಮೊಂಡಾಗುತ್ತದೆ. ಜೊತೆಗೆ ಇನ್ನೊಂದು ನಡೆಯುತ್ತದೆ. ಪೆಟ್ಟು ಬಿದ್ದಾಗ ಲಿಮಿಟರ್ ಇಡೀ ಹಾಡನ್ನೇ ಕೆಳಗೊತ್ತುವುದರಿಂದ ತಂಬೂರಿಯೂ ಒಮ್ಮೆ ಅಡಗುತ್ತದೆ, ಪೆಟ್ಟು ದಾಟಿದ ಮೇಲೆ ಮೇಲೇಳುತ್ತದೆ. ಎಂಟು ಮಾತ್ರೆಯ ಕೇರವಾದಲ್ಲಿ ಆವರ್ತನಕ್ಕೆ ಎರಡು ಸಲ ಶ್ರುತಿಯೇ ಏದುಸಿರು ಬಿಟ್ಟಂತೆ. ಶ್ರುತಿ ಅಲುಗದೆ ನಿಂತಿರಬೇಕಾದ ನಮ್ಮ ಸಂಗೀತದಲ್ಲಿ ಇದು ಸಣ್ಣ ತಪ್ಪಲ್ಲ. ಹೀಗಾದ ಫೈಲು ಮಾಸ್ಟರಿಂಗ್ ಮಾಡುವವರ ಕೈಗೆ ಬಂದಾಗ ಅವರು ಸದ್ದನ್ನು ಇಳಿಸಬಹುದು. ಕತ್ತರಿಸಿಹೋದ ತುದಿಯನ್ನು ಬೆಳೆಸಲಾರರು.

ಇದಕ್ಕೆ ಎಲ್ಲರಿಗೂ ಗೊತ್ತಾದ ಸಾಕ್ಷಿ 2008ರದ್ದು. ಮೆಟಾಲಿಕಾ ಎಂಬ ರಾಕ್ ತಂಡದ ‘ಡೆತ್ ಮ್ಯಾಗ್ನೆಟಿಕ್’ ಆಲ್ಬಮ್ ಬಂದಾಗ ಕೇಳುಗರೇ ತಗಾದೆ ತೆಗೆದರು. ಸದ್ದು ಒರಟು, ಡ್ರಮ್ಮಿನ ಪೆಟ್ಟು ಒಡೆದಿದೆ ಎಂದು. ಅದೇ ಹಾಡುಗಳು ‘ಗಿಟಾರ್ ಹೀರೋ’ ಎಂಬ ವಿಡಿಯೋ ಆಟದಲ್ಲೂ ಬಂದಿದ್ದವು. ಆಟಕ್ಕೆ ಕೊಟ್ಟ ಪ್ರತಿ ಹಾಗೆ ಒತ್ತಿದ್ದಲ್ಲವಾದ್ದರಿಂದ ಅಲ್ಲಿ ಪೆಟ್ಟುಗಳು ಸ್ವಚ್ಛವಾಗಿದ್ದವು. ಹೀಗೆ ಎರಡು ಪ್ರತಿಗಳನ್ನು ಪಕ್ಕಪಕ್ಕ ಇಟ್ಟು ಕೇಳುವ ಅವಕಾಶ ಸಾಮಾನ್ಯ ಕೇಳುಗರಿಗೆ ಸಿಕ್ಕುವುದೇ ಅಪರೂಪ. ಸಾವಿರಾರು ಮಂದಿ ಮರುಮಾಸ್ಟರಿಂಗ್ ಬೇಕೆಂದು ಸಹಿ ಹಾಕಿದರು. ಬೈಗುಳ ಮೊದಲು ಬಿದ್ದದ್ದು ಮಾಸ್ಟರಿಂಗ್ ಮಾಡಿದ ಟೆಡ್ ಜೆನ್ಸನ್ ಅವರ ಮೇಲೆ. ಅವರು ಕೊಟ್ಟ ಉತ್ತರವೇ ನಮಗೆ ಮುಖ್ಯ: ಹಾಡುಗಳು ತಮ್ಮ ಬಳಿಗೆ ಬರುವಾಗಲೇ ಮಟ್ಟಸ ಒತ್ತಿಹೋಗಿದ್ದವು. ಕೋಟ್ಯಂತರ ಹಣವಿದ್ದ ತಂಡಕ್ಕೂ, ಈ ಕೆಲಸದಲ್ಲಿ ಪಳಗಿದ ಕೈಗೂ ಅದನ್ನು ಹಿಂದಕ್ಕೆ ತರಲಾಗಲಿಲ್ಲ.

‘ಆದರೂ ಗಟ್ಟಿ ಇದ್ದದ್ದೇ ಚೆನ್ನಾಗಿ ಕೇಳುತ್ತದಲ್ಲ?’ ಎನ್ನುತ್ತೀರಿ. ಕೇಳುತ್ತದೆ, ನಿಜ. 1933ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ ತೋರಿಸಿಕೊಟ್ಟ ಹಾಗೆ ಸದ್ದು ಕಡಿಮೆಯಾದಾಗ ನಮ್ಮ ಕಿವಿಗೆ ತಗ್ಗಿನ ನಾದ ಅಷ್ಟಾಗಿ ಮುಟ್ಟುವುದಿಲ್ಲ, ಏರಿಸಿದಾಗ ಅದು ತುಂಬಿಕೊಂಡು ಬರುತ್ತದೆ. ಹೀಗಾಗಿ ಒಂದೇ ಹಾಡನ್ನು ಎರಡು ಮಟ್ಟದಲ್ಲಿ ಕೇಳಿಸಿದರೆ ಗಟ್ಟಿಯಾದದ್ದೇ ಒಳ್ಳೆಯದೆಂದು ಕಿವಿ ತೀರ್ಪು ಕೊಡುತ್ತದೆ. ಇದು ಕಿವಿಯ ಸ್ವಭಾವ, ಹಾಡಿನ ಗುಣ ಅಲ್ಲ. ಕೇಳುಗನ ಮನೆಯಲ್ಲಿ ಈ ಮೋಸ ಈಗ ನಡೆಯುವುದೂ ಇಲ್ಲ. ಸದ್ದಿನ ಮಟ್ಟವನ್ನು ಕಿವಿ ಕೇಳುವ ರೀತಿಯಲ್ಲೇ ಅಳೆಯಲು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 2006ರಲ್ಲಿ ಒಂದು ಕ್ರಮ ಗೊತ್ತುಮಾಡಿತು. ಲಫ್ಸ್ ಎಂದು ಸ್ಟುಡಿಯೋಗಳಲ್ಲಿ ಕರೆಯುವುದು ಅದೇ ಅಳತೆ. ಸ್ಪಾಟಿಫೈ ಸಾಮಾನ್ಯವಾಗಿ ಹಾಡುಗಳನ್ನು ಮೈನಸ್ 14 ಲಫ್ಸ್ ಮಟ್ಟಕ್ಕೆ ತಂದು ಕೇಳಿಸುತ್ತದೆ. ನೀವು ಹೆಣಗಾಡಿ ಮೈನಸ್ 8ಕ್ಕೆ ಏರಿಸಿ ಕೊಟ್ಟಿರಿ ಎನ್ನಿ, ಅದು 6 ಡೆಸಿಬಲ್ ಇಳಿಸಿ ಪಕ್ಕದ ಹಾಡಿನ ಸಾಲಿಗೇ ಕೂರಿಸುತ್ತದೆ. ಏರಿಕೆ ಹೋಯಿತು, ಏರಿಸುವಾಗ ಮೊಂಡಾದ ಪೆಟ್ಟು ಮಾತ್ರ ಉಳಿಯಿತು. ಯೂಟ್ಯೂಬೂ ಗಟ್ಟಿ ಹಾಡನ್ನು ಇಳಿಸುತ್ತದೆ. ನೀವು ಈಗ ಕೇಳುತ್ತಿರುವ ಬಾನುಲಿಯಲ್ಲಿಯೂ ಸದ್ದನ್ನು ಹದದಲ್ಲಿಡುವ ಯಂತ್ರ ದಾರಿಯಲ್ಲೇ ಕೂತಿರುತ್ತದೆ. ಮೊದಲೇ ಒತ್ತಿದ ಹಾಡನ್ನು ಅದು ಇನ್ನೊಮ್ಮೆ ಒತ್ತುತ್ತದೆ, ಅಷ್ಟೆ.

ಮಿಕ್ಸ್ ಮಾಡುವವರ ಕಡೆಯಿಂದ ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಒಂದಿದೆ. ‘ಲಿಮಿಟರ್, ಕಂಪ್ರೆಸರುಗಳನ್ನು ಕಿವಿಯಲ್ಲಿಟ್ಟುಕೊಂಡೇ ನಾನು ಹಾಡನ್ನು ಹದ ಮಾಡಿದ್ದೇನೆ, ಅವನ್ನು ಕಿತ್ತರೆ ಹದವೇ ತಪ್ಪುತ್ತದೆ’ ಎಂದು. ಇದರಲ್ಲಿ ಸತ್ಯವಿದೆ, ಎಲ್ಲವನ್ನೂ ಕಿತ್ತುಹಾಕಿ ಎಂಬ ಕುರುಡು ನಿಯಮವನ್ನು ನಾನೂ ಒಪ್ಪುವುದಿಲ್ಲ. ಒಂದೆರಡು ಡೆಸಿಬಲ್ ಮೆತ್ತಗೆ ಹಿಡಿಯುವ ಕಂಪ್ರೆಸರು ಹಾಡನ್ನು ಅಂಟಿನಂತೆ ಕೂಡಿಸುತ್ತದೆ. ಅದು ಸಂಗೀತದ ತೀರ್ಮಾನ, ಅದು ಇರಲಿ. ಬರೀ ಗಟ್ಟಿಗೊಳಿಸಲು ಕೂರಿಸಿದ ಲಿಮಿಟರು ತೀರ್ಮಾನವಲ್ಲ, ಅವಸರ. ಎರಡನ್ನೂ ಬೇರ್ಪಡಿಸುವ ಪರೀಕ್ಷೆ ಸುಲಭ: ಅದನ್ನು ತೆಗೆದು, ಇಳಿದ ಸದ್ದನ್ನು ಸ್ಪೀಕರಿನ ಗುಂಡಿಯಲ್ಲಿ ಸರಿದೂಗಿಸಿ ಕೇಳಿ. ಹಾಡಿನ ಸ್ವಭಾವ ಬದಲಾಗಿದ್ದರೆ ಅದು ಬೇಕಾದದ್ದು. ಏನೂ ಬದಲಾಗದಿದ್ದರೆ, ಅಥವಾ ಹಾಡು ಇನ್ನೂ ಬಿಡಿಸಿಕೊಂಡು ಕೇಳಿದರೆ, ಬೇಡದ್ದು. ಸಂಶಯವಿದ್ದರೆ ಎರಡು ಫೈಲು ಕಳಿಸಿ: ಲಿಮಿಟರ್ ಇಲ್ಲದ್ದು ಕೆಲಸಕ್ಕೆ, ಇದ್ದದ್ದು ನಿಮ್ಮ ಮನಸ್ಸಿನಲ್ಲೇನಿದೆ ಎಂದು ತಿಳಿಸುವುದಕ್ಕೆ. ಗಾಯಕರಿಗೆ ಕೇಳಿಸಿದ್ದು ಆ ಗಟ್ಟಿ ಪ್ರತಿಯೇ ಆಗಿದ್ದರೆ ಅದನ್ನು ಕಳಿಸಲೇಬೇಕು. ಅವರ ಕಿವಿ ಅದಕ್ಕೆ ಒಗ್ಗಿಹೋಗಿರುತ್ತದೆ.

ಇನ್ನು ತೀರ್ಮಾನಗಳ ಮಾತು. ಮಾಸ್ಟರಿಂಗಿನಲ್ಲಿ ಮುಟ್ಟುವುದೆಲ್ಲ ಇಡೀ ಹಾಡನ್ನು ಮುಟ್ಟುತ್ತದೆ ಎಂಬುದನ್ನು ಮರೆತರೆ ‘ಅಲ್ಲಿ ನೋಡಿಕೊಳ್ಳುತ್ತಾರೆ’ ಎಂಬ ಮಾತು ಬರುತ್ತದೆ. ಕನ್ನಡದ ಹಾಡಿನಲ್ಲಿ ಶ, ಷ, ಸ ಮೂರೂ ಇವೆ. ಮೈಕಿಗೆ ಹತ್ತಿರ ನಿಂತು ಹಾಡಿದಾಗ ಇವು ಸುಮಾರು 5ರಿಂದ 8 ಸಾವಿರ ಹರ್ಟ್ಸ್ ನಡುವೆ ಸೀಟಿಯ ಹಾಗೆ ಚುಚ್ಚುತ್ತವೆ. ಭ, ಫ, ಧಗಳ ಮಹಾಪ್ರಾಣ ಗಾಳಿಯಾಗಿ ಮೈಕಿನ ತೆರೆಗೆ ಬಡಿದು ‘ಧಪ್’ ಎನ್ನುತ್ತದೆ. ದನಿಯ ಟ್ರ್ಯಾಕು ಬೇರೆಯಾಗಿರುವಾಗ ಇದನ್ನು ಸರಿಪಡಿಸುವುದು ಅಕ್ಷರಕ್ಕೆ ಅಕ್ಷರ ಕೂತು ಮಾಡಬಹುದಾದ ಕೆಲಸ. ಎಲ್ಲ ಬೆರೆತ ಮೇಲೆ ಆ ಸಕಾರವನ್ನು ಅದುಮಲು ಹೋದರೆ ಅದೇ ಎತ್ತರದಲ್ಲಿರುವ ಕೊಳಲಿನ ಉಸಿರು, ತಾಳದ ಮಿನುಗು, ತಂಬೂರಿಯ ಜೀವಾಳ ಎಲ್ಲವೂ ಜೊತೆಗೆ ಮಂಕಾಗುತ್ತವೆ. ವಚನ ಗಾಯನದಲ್ಲಿ ಮಾತು ಮುಖ್ಯ. ದನಿ ಅರ್ಧ ಡೆಸಿಬಲ್ ಹಿಂದೆ ಬಿದ್ದಿತೋ ಏನೋ ಎಂಬ ಅನುಮಾನವಿದ್ದರೆ, ದನಿಯನ್ನು ಒಂದು ಡೆಸಿಬಲ್ ಏರಿಸಿದ ಇನ್ನೊಂದು ಮಿಕ್ಸ್ ಕೊಡುವುದು ಹಳೆಯ, ಒಳ್ಳೆಯ ಪದ್ಧತಿ. ಏಳೆಂಟು ಬಗೆಯ ಪ್ರತಿ ಕೊಟ್ಟರೆ ಮಾತ್ರ ಅದು ತೀರ್ಮಾನವನ್ನು ಪಕ್ಕದ ಮನೆಗೆ ಸಾಗಿಸಿದ ಹಾಗೆ.

ಹಾಗಾದರೆ ಎಲ್ಲ ವಾದ್ಯಗಳನ್ನೂ ಗುಂಪು ಗುಂಪಾಗಿ, ಅಂದರೆ ಸ್ಟೆಮ್ಮುಗಳಾಗಿ, ಕಳಿಸಿಬಿಟ್ಟರೆ ಆಗದೇ ಎನ್ನುವವರಿದ್ದಾರೆ. ಕೆಲವೊಮ್ಮೆ ಆಗುತ್ತದೆ. ನನ್ನ ಮಟ್ಟಿಗೆ ಅದು ಎರಡನೆಯ ದಾರಿ. ಸ್ಟೆಮ್ ಕಳಿಸುವವರು ಮೊದಲು ಒಂದು ಪರೀಕ್ಷೆ ಮಾಡಿರಬೇಕು: ಎಲ್ಲ ಸ್ಟೆಮ್ಮುಗಳನ್ನು ಹೊಸದೊಂದು ಪ್ರಾಜೆಕ್ಟಿನಲ್ಲಿ ಸೊನ್ನೆಯಿಂದ ಸಾಲಾಗಿ ಇಟ್ಟು, ಅವುಗಳ ಜೊತೆ ಮೂಲ ಮಿಕ್ಸಿನ ಅಲೆಯನ್ನು ತಲೆಕೆಳಗು ಮಾಡಿ ಸೇರಿಸಿದರೆ ಮೌನ ಬರಬೇಕು. ಬಾರದಿದ್ದರೆ ಬಹುಶಃ ಏನೋ ಬಿಟ್ಟುಹೋಗಿದೆ, ಹಲವೊಮ್ಮೆ ರಿವರ್ಬ್ ಎಂಬ ಅನುರಣನ.

ಮನೆಯ ಕೋಣೆಯಲ್ಲಿ ಮಿಕ್ಸ್ ಮಾಡುವವರು ಬೇರೆಲ್ಲಕ್ಕಿಂತ ಹೆಚ್ಚು ಅನುಮಾನಿಸಬೇಕಾದದ್ದು ತಗ್ಗಿನ ನಾದವನ್ನು. ನಮ್ಮ ಮನೆಗಳಲ್ಲಿ ಹತ್ತಡಿಗೆ ಹತ್ತಡಿ ಕೋಣೆ ಬಹಳ ಸಾಮಾನ್ಯ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರು. ಹತ್ತಡಿ ಅಂದರೆ 3 ಮೀಟರಿನ ಆಸುಪಾಸು. ಆ ಗೋಡೆಗಳ ನಡುವೆ ಸುಮಾರು 56 ಹರ್ಟ್ಸ್ ನಾದ ಸಿಕ್ಕಿಹಾಕಿಕೊಂಡು ತೂಗಾಡುತ್ತದೆ. ಗೋಡೆಯ ಬಳಿ ಅದು ಉಬ್ಬುತ್ತದೆ, ಕೋಣೆಯ ನಟ್ಟನಡುವೆ ಹೆಚ್ಚುಕಡಿಮೆ ಇಲ್ಲವಾಗುತ್ತದೆ. ಚೌಕ ಕೋಣೆಯಾದರೆ ಉದ್ದಕ್ಕೂ ಅಗಲಕ್ಕೂ ಒಂದೇ ಲೆಕ್ಕ, ತೊಂದರೆ ಎರಡು ಪಟ್ಟು. ನಡುವೆ ಕುರ್ಚಿ ಹಾಕಿಕೊಂಡು ಕೂತವರಿಗೆ ಡಗ್ಗಾದ ಗುಂ ಕೇಳುವುದಿಲ್ಲ. ಕೇಳಲಿಲ್ಲವೆಂದು ಏರಿಸುತ್ತಾರೆ. ಹೊರಗೆ ಕಾರಿನಲ್ಲಿ ಅದೇ ಹಾಡು ಹಾಕಿದರೆ ಬಾಗಿಲು ನಡುಗುತ್ತದೆ. ಮಾಸ್ಟರಿಂಗ್ ಕೋಣೆಯಲ್ಲಿ ಈ ತಪ್ಪು ಗೊತ್ತಾಗುತ್ತದೆ, ಆದರೆ ಅಲ್ಲಿ ಡಗ್ಗಾವನ್ನು ಇಳಿಸಿದರೆ ಗಾಯಕರ ಮಂದ್ರವೂ ಸ್ವಲ್ಪ ತೆಳುವಾಗುತ್ತದೆ. ಒಳ್ಳೆಯ ಹೆಡ್‌ಫೋನಿನಲ್ಲಿ ಒಮ್ಮೆ, ಎಡಬಲ ಎರಡನ್ನೂ ಒಂದು ಮಾಡಿ ಮೊಬೈಲಿನಲ್ಲಿ ಒಮ್ಮೆ, ಕೋಣೆಯ ಬಾಗಿಲಾಚೆ ನಿಂತು ಒಮ್ಮೆ ಕೇಳಿದರೆ ಖರ್ಚಿಲ್ಲದೆ ಅರ್ಧ ತಪ್ಪು ಸಿಕ್ಕಿಬೀಳುತ್ತದೆ. ನಡುವೆ ಒಂದು ದಿನ ಕಿವಿಗೆ ಬಿಡುವು ಕೊಟ್ಟರೆ ಇನ್ನೂ ಮೇಲು.

ಫೈಲಿನ ವಿಷಯ ಬೇಗ ಹೇಳಿ ಮುಗಿಸಬಹುದು. ಯಾವ ಮಾದರಿ ದರದಲ್ಲಿ ಮುದ್ರಿಸಿದ್ದೀರೋ ಅದರಲ್ಲೇ, 24 ಬಿಟ್ಟಿನ ವೇವ್ ಫೈಲು ಕೊಡಿ. 44.1 ಕಿಲೋಹರ್ಟ್ಸಿನಲ್ಲಿ ಮುದ್ರಿಸಿದ್ದನ್ನು 96ಕ್ಕೆ ಹಿಗ್ಗಿಸಿದರೆ ಹೊಸದೇನೂ ಹುಟ್ಟುವುದಿಲ್ಲ. ಎಂಪಿ ತ್ರೀ ಬೇಡವೇ ಬೇಡ. ಕಿವಿಗೆ ತಿಳಿಯದೆಂದು ಅದು ಬಿಸಾಡಿದ್ದು ಸದ್ದನ್ನು ಎತ್ತಿದಾಗ ಬಯಲಾಗುತ್ತದೆ. ಬಿಟ್ ಇಳಿಸುವಾಗ ಬೆರೆಸುವ ಡಿದರ್ ಎಂಬ ಸಣ್ಣ ಸದ್ದು ಕೊನೆಯಲ್ಲಿ ಒಂದೇ ಸಲ ಬರಬೇಕು, ಅದನ್ನು ಮಾಸ್ಟರಿಂಗ್ ಮಾಡುವವರಿಗೇ ಬಿಡಿ. ಹಾಡಿನ ಹಿಂದೆಮುಂದೆ ಒಂದೆರಡು ಸೆಕೆಂಡು ಹಾಗೇ ಇರಲಿ. ಕೊನೆಯ ತಂಬೂರಿಯ ಮೀಟು ಪೂರ್ತಿ ಆರುವ ಮೊದಲೇ ಕತ್ತರಿ ಹಾಕಿದ ಹಾಡುಗಳು ಎಷ್ಟೋ. ಮುಂದಿನ ಖಾಲಿ ಸೆಕೆಂಡಿನಲ್ಲಿ ಫ್ಯಾನಿನ ಸದ್ದಿದ್ದರೂ ಪರವಾಗಿಲ್ಲ, ಸದ್ದು ತೆಗೆಯುವ ಸಾಫ್ಟ್‌ವೇರಿಗೆ ಅದೇ ಮಾದರಿ. ಇನ್ನು ಹೆಸರು. ‘ಫೈನಲ್’, ‘ಫೈನಲ್ 2’, ‘ನಿಜವಾದ ಫೈನಲ್’ ಎಂಬ ಮೂರು ಫೈಲು ಒಟ್ಟಿಗೆ ಹೋದರೆ ತಪ್ಪು ಹಾಡು ಲೋಕಕ್ಕೆ ಹೋಗುವುದರಲ್ಲಿ ಆಶ್ಚರ್ಯವಿಲ್ಲ. ಹಾಡಿನ ಹೆಸರು, ದಿನಾಂಕ, ಬಿಟ್, ದರ, ಆಲ್ಬಮ್ಮಿನಲ್ಲಿ ಎಷ್ಟನೆಯದು, ಕವಿ ಮತ್ತು ಗಾಯಕರ ಹೆಸರಿನ ಸರಿಯಾದ ಕಾಗುಣಿತ, ಪ್ರತಿ ಮುದ್ರಣಕ್ಕೂ ಸಿಗುವ 12 ಅಕ್ಷರದ ಐಎಸ್‌ಆರ್‌ಸಿ ಸಂಖ್ಯೆ ಇಷ್ಟನ್ನು ಒಂದು ಹಾಳೆಯಲ್ಲಿ ಬರೆದಿಟ್ಟರೆ ಸಾಕು. ಹ್ಯಾನೋವರಿನವರಿಗೆ ಗೌಹರ್ ಜಾನ್ ಮಾಡಿದ್ದೂ ಇದನ್ನೇ.

ಇಷ್ಟೆಲ್ಲ ಯಾಕೆ, ಈಗ ಕಂಪ್ಯೂಟರೇ ಕೆಲವು ನಿಮಿಷದಲ್ಲಿ ಮಾಸ್ಟರಿಂಗ್ ಮಾಡಿಕೊಡುತ್ತದಲ್ಲ ಎಂದು ಕೇಳುವವರಿಗೆ ಒಂದು ಮಾತು. ಕೈಯಲ್ಲಿ ಹಣ ಕಡಿಮೆ ಇರುವ ತಂಡಕ್ಕೆ ಅದು ನೆರವಾದೀತು, ನಾನು ಅದನ್ನು ಹೀಗಳೆಯುವುದಿಲ್ಲ. ಆದರೆ ಮನುಷ್ಯನಾದರೆ ಫೋನ್ ಮಾಡಿ ‘ಎರಡನೆಯ ಚರಣದಲ್ಲಿ ಡಗ್ಗಾ ಒಡೆದಿದೆ, ಬೇರೆ ಮಿಕ್ಸ್ ಇದೆಯೇ?’ ಎಂದು ಕೇಳುತ್ತಾನೆ. ಯಂತ್ರ ಕೇಳುವುದಿಲ್ಲ, ಒಡೆದದ್ದನ್ನೇ ಹೊಳಪು ಮಾಡಿ ಕೊಡುತ್ತದೆ. ಹಾಗಾಗಿ ಅದನ್ನು ನಂಬುವವರಿಗೆ ಈ ಸಿದ್ಧತೆ ಇನ್ನೂ ಹೆಚ್ಚು ಬೇಕು. ಈ ಸಿದ್ಧತೆಗೆ ತಗಲುವ ದುಡ್ಡೂ ಏನೂ ಇಲ್ಲ, ಒಂದು ದಿನದ ತಾಳ್ಮೆ ಅಷ್ಟೆ.

ತಟ್ಟೆ ಹೋಗಿ ಕ್ಯಾಸೆಟ್ ಬಂತು, ಕ್ಯಾಸೆಟ್ ಹೋಗಿ ಸಿಡಿ, ಸಿಡಿಯೂ ಹೋಗಿ ಈಗ ಮೊಬೈಲು. ಪ್ರತಿ ಸಲವೂ ಹಳೆಯ ಹಾಡನ್ನು ಹೊಸದಕ್ಕೆ ಹೊಂದಿಸಲು ಹುಡುಕಿದ್ದು ಮೂಲ ಟೇಪನ್ನು, ಅಂಗಡಿಯಲ್ಲಿ ಮಾರಿದ ಪ್ರತಿಯನ್ನಲ್ಲ. ಆದ್ದರಿಂದ ಈ ವಾರ ಯಾರಾದರೂ ಹಾಡು ಮಿಕ್ಸ್ ಮಾಡಿ ಮುಗಿಸುವವರಿದ್ದರೆ ಅವರಲ್ಲಿ ನನ್ನ ಕೋರಿಕೆ: ಲಿಮಿಟರ್ ತೆಗೆದ 24 ಬಿಟ್ಟಿನ ಪ್ರತಿಯೊಂದನ್ನು, ಹೆಸರು ದಿನಾಂಕ ಬರೆದು, ಎರಡು ಬೇರೆ ಬೇರೆ ಡಿಸ್ಕುಗಳಲ್ಲಿ ಇಡಿ. ಒಂದು ನಿಮ್ಮ ಮನೆಯಲ್ಲಿರಲಿ, ಇನ್ನೊಂದು ಗಾಯಕರ ಮನೆಯಲ್ಲಿರಲಿ.